ಲೂಪು ಹಾಡಾಗುವುದು ಎಲ್ಲಿ?

ಡ್ರಮ್ ಮಷಿನ್, ಸಿಂಥಸೈಸರ್, ಸ್ಯಾಂಪ್ಲರ್‌ಗಳನ್ನು ಮೇಜಿನ ಮೇಲೆ ಹರಡಿಕೊಂಡು, ಕಂಪ್ಯೂಟರಿನ ಹಂಗಿಲ್ಲದೆ ಸಂಗೀತ ಮಾಡುವವರನ್ನು ವಿಚಾರಿಸಿ ನೋಡಿ. ಬಹುಪಾಲು ಜನರದು ಒಂದೇ ಗೋಳು: ಲೂಪುಗಳು ಬೇಕಾದಷ್ಟಿವೆ, ಹಾಡು ಒಂದೂ ಇಲ್ಲ. ನಾಲ್ಕು ಬಾರಿನ ತುಣುಕು ಸಲೀಸಾಗಿ ಹುಟ್ಟುತ್ತದೆ, ಕೇಳಲು ಸೊಗಸಾಗಿಯೂ ಇರುತ್ತದೆ. ಅಲ್ಲಿಂದ ಮುಂದಕ್ಕೆ ದಾರಿ ಕಾಣುವುದಿಲ್ಲ. ಇದಕ್ಕೆ ಸಿಗುವ ಸಲಹೆಯೂ ಹೆಚ್ಚುಕಡಿಮೆ ಒಂದೇ. ಆರಂಭ, ಪಲ್ಲವಿ, ಚರಣ, ಮತ್ತೆ ಪಲ್ಲವಿ, ಕೊನೆ ಎಂದು ಮೊದಲೇ ಖಾನೆ ಹಾಕಿಕೋ, ಒಂದೊಂದು ಖಾನೆಗೂ ಒಂದೊಂದು ಪ್ಯಾಟರ್ನ್ ತುಂಬು. ಹೀಗೆ ಮಾಡಿದರೆ ಖಾನೆಗಳೇನೋ ತುಂಬುತ್ತವೆ, ಹಾಡು ಮಾತ್ರ ಹುಟ್ಟುವುದಿಲ್ಲ. ಲೂಪನ್ನು ಅರ್ಧಕ್ಕೆ ನಿಂತ ಹಾಡು ಎಂದು ತಿಳಿದಿರುವುದರಲ್ಲೇ ಎಡವಟ್ಟಿದೆ ಎಂಬುದು ನನ್ನ ವಾದ.

ನಮ್ಮ ಕಡೆಯ ಸಂಗೀತದ ಮನೆಗಳಿಗೆ ಲೂಪು ಹೊಸದಲ್ಲ. ಬೆಂಗಳೂರಿನ ಜಿ. ರಾಜನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ ಮೇಲೆ, ಪಾಠ ಕಲಿಯುವ ಮಕ್ಕಳ ಪಕ್ಕದಲ್ಲಿ ಒಂದು ಪುಟ್ಟ ಪೆಟ್ಟಿಗೆ ಗಂಟೆಗಟ್ಟಲೆ ಅದೇ ಪಂಚಮ, ಅದೇ ಷಡ್ಜ ಮೀಟುತ್ತಾ ಕೂತಿರುವುದು ಮಾಮೂಲಾಯಿತು. ನಿನ್ನ ಚರಣ ಎಲ್ಲಿ ಎಂದು ಆ ಪೆಟ್ಟಿಗೆಯನ್ನು ಯಾರೂ ಕೇಳುವುದಿಲ್ಲ. ಹಾಡು ಹಾಡುವವರದು, ಪೆಟ್ಟಿಗೆಯದು ಆಸರೆ. ಜಪಾನಿನ ರೋಲೆಂಡ್ ಕಂಪನಿ 1980ರಲ್ಲಿ ಟಿಆರ್-808 ಡ್ರಮ್ ಮಷಿನನ್ನೂ ಮರುವರ್ಷ ಟಿಬಿ-303 ಬೇಸ್ ಯಂತ್ರವನ್ನೂ ತಂದಾಗ ಅದರ ತಲೆಯಲ್ಲಿದ್ದುದೂ ಆಸರೆಯೇ. ಡ್ರಮ್ಮರ್ ಇಲ್ಲವೇ, 808 ಇಟ್ಟುಕೊಳ್ಳಿ. ಬೇಸ್ ಗಿಟಾರಿನವ ಬರಲಿಲ್ಲವೇ, 303 ಇದೆ. ಪ್ಯಾಟರ್ನುಗಳನ್ನು ಒಂದರ ಹಿಂದೊಂದು ಪೋಣಿಸಿ ಇಡೀ ಹಾಡಿನ ಪಕ್ಕವಾದ್ಯವನ್ನು ಮುಂಚಿತವಾಗಿ ಬರೆದಿಡುವ ವ್ಯವಸ್ಥೆ ಎರಡರಲ್ಲೂ ಇತ್ತು. ವ್ಯಾಪಾರ ಕುದುರಲಿಲ್ಲ. 1983ರಲ್ಲಿ 808 ನಿಂತಿತು, 1984ರಲ್ಲಿ 303. ಎರಡೂ ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ಅಗ್ಗವಾಗಿ ಬಂದು ಬಿದ್ದವು.

ಹಾಡುವವರೇ ಇಲ್ಲದೆ ಪಕ್ಕವಾದ್ಯವೊಂದೇ ವೇದಿಕೆಯ ಮೇಲೆ ಉಳಿದರೆ ಹಾಡು ಯಾವುದು? ಶಿಕಾಗೊದಲ್ಲಿ ಈ ಪ್ರಶ್ನೆ ತಾನಾಗಿ ಎದ್ದಿತು. 1987ರಲ್ಲಿ ಹೊರಬಂದ, ಫ್ಯೂಚರ್ ಎಂಬ ತಂಡದ ‘ಆ್ಯಸಿಡ್ ಟ್ರ್ಯಾಕ್ಸ್’ ಹತ್ತು ನಿಮಿಷಕ್ಕೂ ಮೀರಿ ಓಡುತ್ತದೆ. ಅದರಲ್ಲಿ ಪಲ್ಲವಿಯಿಲ್ಲ, ಚರಣವಿಲ್ಲ. 303ರ ಒಂದು ಪುಟ್ಟ ಸ್ವರಗುಚ್ಛ ಸುತ್ತುತ್ತಲೇ ಇರುತ್ತದೆ. ಬದಲಾಗುವುದು ಫಿಲ್ಟರಿನ ನಾಬುಗಳು. ಅದೇ ಸ್ವರಗಳು ಒಮ್ಮೆ ಕಂಬಳಿಯ ಒಳಗಿಂದ ಬಂದಂತೆ ಮಂಕಾಗಿ, ಇನ್ನೊಮ್ಮೆ ಕೀರಲಾಗಿ, ಮತ್ತೊಮ್ಮೆ ತೊಟ್ಟಿಕ್ಕಿದಂತೆ ಕೇಳುತ್ತವೆ. ಮ್ಯೂಸಿಕ್ ಬಾಕ್ಸ್ ಎಂಬ ಕ್ಲಬ್ಬಿನಲ್ಲಿ ಡಿಜೆ ರಾನ್ ಹಾರ್ಡಿ ಇದನ್ನು ಒಂದೇ ರಾತ್ರಿ ನಾಲ್ಕು ಸಲ ಹಾಕಿದನಂತೆ. ಮೊದಲ ಸಲ ಕುಣಿಯುತ್ತಿದ್ದವರು ಕೆಳಗಿಳಿದರು, ನಾಲ್ಕನೆಯದಕ್ಕೆ ಹುಚ್ಚೆದ್ದರು ಎಂದು ತಂಡದ ಡಿಜೆ ಪಿಯರ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ನೆನಪಿನ ಕಥೆಗಳಲ್ಲಿ ಒಂದಿಷ್ಟು ಒಗ್ಗರಣೆ ಇದ್ದೇ ಇರುತ್ತದೆ, ಇರಲಿ. ನಾಲ್ಕು ಸಲವೂ ಧ್ವನಿಮುದ್ರಿಕೆ ಅದೇ. ಬದಲಾದದ್ದು ಕೇಳುವ ಕಿವಿ. ಏನನ್ನು ಕಾಯಬೇಕೆಂದು ಆ ಕಿವಿಗೆ ಅಷ್ಟರಲ್ಲಿ ಗೊತ್ತಾಗಿತ್ತು.

ಈ ಮಾತಿನ ಪಕ್ಕದಲ್ಲಿ ಮುಂಬೈಯ ಚರಣ್‌ಜಿತ್ ಸಿಂಗ್ ಅವರನ್ನು ನಿಲ್ಲಿಸಬೇಕು. ಹಿಂದಿ ಚಿತ್ರಗೀತೆಗಳಿಗೆ ನುಡಿಸುತ್ತಿದ್ದ ಅವರು 1982ರಲ್ಲಿ 808, 303 ಮತ್ತು ಜುಪಿಟರ್-8 ಸಿಂಥಸೈಸರ್ ಬಳಸಿ ‘ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂಬ ಧ್ವನಿಮುದ್ರಿಕೆ ಮಾಡಿದರು. ಭೈರವ್, ಲಲಿತ್, ಯಮನ್, ಮಾಲ್‌ಕೌಂಸ್ ಎಲ್ಲ ಅದರಲ್ಲಿವೆ. ಆಗ ಯಾರೂ ಮೂಸಿ ನೋಡಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ, ಶಿಕಾಗೊಗಿಂತ ಐದು ವರ್ಷ ಮೊದಲೇ ಭಾರತದಲ್ಲಿ ಆ್ಯಸಿಡ್ ಹೌಸ್ (‘ಆ್ಯಸಿಡ್ ಟ್ರ್ಯಾಕ್ಸ್’ ಬಗೆಯ ಸಂಗೀತ) ಹುಟ್ಟಿತ್ತು ಎಂದು ದೊಡ್ಡ ಗದ್ದಲವಾಯಿತು. ಹೆಮ್ಮೆಪಡಲು ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ. ದನಿ ಅದೇ ಹೌದು, ಕಟ್ಟೋಣ ಬೇರೆ. ಸಿಂಗ್ ಅವರಲ್ಲಿ ಯಂತ್ರಗಳು ಕೆಳಗೆ ಒಂದೇ ಸಮನೆ ಓಡುತ್ತವೆ, ಹಾಡಿನ ಏರಿಳಿತವೆಲ್ಲ ಮೇಲೆ ಕೀಬೋರ್ಡಿನಲ್ಲಿ ರಾಗ ಬಿಚ್ಚಿಕೊಳ್ಳುವುದರಲ್ಲಿದೆ. ಅಂದರೆ ಯಂತ್ರವನ್ನು ಅದರ ತಯಾರಕರು ಬಯಸಿದಂತೆಯೇ, ಪಕ್ಕವಾದ್ಯವಾಗಿ, ಅವರು ಬಳಸಿದರು. ಶಿಕಾಗೊದವರು ಪಕ್ಕವಾದ್ಯವನ್ನೇ ಹಾಡು ಮಾಡಿದರು. ಹಾಡಿನ ರೂಪ ಯಂತ್ರದೊಳಗೆ ಇಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಾಗಾದರೆ ಎಲ್ಲಿದೆ? ಕಿವಿಗೆ ಕೊಟ್ಟ ಮಾತಿನಲ್ಲಿದೆ. ಒಂದು ತುಣುಕು ಎರಡನೆಯ ಸಲ ಬಂದ ಕೂಡಲೇ ಮೂರನೆಯದು ಬರುತ್ತದೆಂಬ ಭರವಸೆ ಕೇಳುವವನಲ್ಲಿ ಹುಟ್ಟುತ್ತದೆ. ಅದನ್ನು ನಡೆಸಿಕೊಡುವುದು, ತಡಮಾಡುವುದು, ಮುರಿದು ಮತ್ತೆ ಕೂಡಿಸುವುದು, ಇಷ್ಟೇ ರಚನೆ. ಸಂಗೀತದ ಭಾವ ನಿರೀಕ್ಷೆಯ ಸುತ್ತ ಬೆಳೆಯುತ್ತದೆಂದು ಸಂಗೀತಶಾಸ್ತ್ರಜ್ಞ ಲಿಯೊನಾರ್ಡ್ ಮೇಯರ್ 1956ರಲ್ಲೇ ಒಂದು ಪುಸ್ತಕ ಬರೆದು ವಾದಿಸಿದ್ದ. ಸಭೆಯಲ್ಲಿ ತೊಡೆ ತಟ್ಟಿ ತಾಳ ಹಾಕುವ ನಮ್ಮ ಶ್ರೋತೃವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಸಾಲನ್ನು ಹಿಗ್ಗಿಸಿ ನೆರವಲ್ ಹಾಡುವವರು ಎಲ್ಲೆಲ್ಲೋ ಅಲೆದು, ಸಾಲು ಎತ್ತಿಕೊಂಡ ಜಾಗಕ್ಕೆ, ಅಂದರೆ ಎಡುಪಿಗೆ, ಬಂದು ಸೇರಿದಾಗ ತಲೆ ಆಡುವುದು, ಆ ಜಾಗ ಯಾವುದೆಂದು ಅವನಿಗೂ ಗೊತ್ತಿರುವುದರಿಂದ. ಲೂಪು ಆ ಜಾಗವನ್ನು ಗೊತ್ತುಮಾಡಿಕೊಡುತ್ತದೆ. ಅದಕ್ಕೆ ಇನ್ನೊಂದು ಭಾಗ ಅಂಟಿಸುವುದರಿಂದ ಹಾಡಾಗುವುದಿಲ್ಲ.

ಹತ್ತಿರದಿಂದ ನೋಡೋಣ. ನಿಮಿಷಕ್ಕೆ 120 ಬೀಟಿನ ವೇಗ, ಹದಿನಾರು ಸ್ಟೆಪ್ಪಿನ ಸಾಲು. 1, 4, 7, 11ರಲ್ಲಿ ಕಿಕ್. ಒಂದು ಸುತ್ತಿಗೆ ಎರಡು ಸೆಕೆಂಡು. ಆರು ನಿಮಿಷದಲ್ಲಿ 180 ಸುತ್ತು. ಈಗ ಬೇಸ್ ಟ್ರ್ಯಾಕಿನ ಉದ್ದವನ್ನಷ್ಟೇ 20 ಸ್ಟೆಪ್ ಮಾಡಿ. ಎರಡೂ ಒಟ್ಟಿಗೆ ಹೊರಟು ಮೊದಲ ಸುತ್ತಿಗೇ ಬೇರೆಯಾಗುತ್ತವೆ, 80 ಸ್ಟೆಪ್ ಕಳೆದ ಮೇಲೆ, ಅಂದರೆ ಹತ್ತು ಸೆಕೆಂಡಿಗೊಮ್ಮೆ, ಕೂಡುತ್ತವೆ. ಮೂರ್ನಾಲ್ಕು ಸಲ ಹೀಗೆ ಕೂಡಿದ ಮೇಲೆ ಲೆಕ್ಕ ಗೊತ್ತಿಲ್ಲದವರ ಕಿವಿಗೂ ಆ ಜಾಗ ತಿಳಿಯುತ್ತದೆ. ಆಗ ಕಿಕ್ಕನ್ನು ಮ್ಯೂಟ್ ಮಾಡಿ. ನೆಲ ಕುಸಿದಂತಾಗುತ್ತದೆ, ಬೇಸ್ ಒಂದೇ ತೇಲುತ್ತಿರುತ್ತದೆ. ಮುಂದಿನ ಕೂಡುವ ಜಾಗಕ್ಕೆ ಕಿಕ್ ತಂದರೆ ನಿರಾಳ. ತರದೆ ಇನ್ನೊಂದು ಹತ್ತು ಸೆಕೆಂಡು ತಡೆದರೆ ಕೋಣೆಯಲ್ಲಿದ್ದವರೆಲ್ಲ ನಿಮ್ಮ ಬೆರಳನ್ನೇ ನೋಡತೊಡಗುತ್ತಾರೆ. ಮೂರನೆಯ ಸಲವೂ ತಡೆದರೆ ಬೇಸರ, ಮಾತು ಕೆಟ್ಟಿತು. ಹೊಸ ಸ್ವರ ಒಂದೂ ಸೇರಲಿಲ್ಲ, ಇದ್ದುದನ್ನು ತೆಗೆದದ್ದು ಮತ್ತು ಹೊತ್ತು ನೋಡಿ ಮರಳಿಸಿದ್ದು, ಅಷ್ಟೇ. ಯಂತ್ರಸಂಗೀತದಲ್ಲಿ ಹಾಡು ಕಟ್ಟುವ ಕೈ ಮುಖ್ಯವಾಗಿ ತೆಗೆಯುವ ಕೈ.

ಕಂಪ್ಯೂಟರಿನಲ್ಲಿ ಇದು ಆಗದೇ ಎಂದು ಕೇಳಬಹುದು. ಆಗುತ್ತದೆ. ಆದರೆ ಅಲ್ಲಿ ಹಾಡು ಎಡದಿಂದ ಬಲಕ್ಕೆ ಚಾಪೆಯಂತೆ ಹಾಸಿಕೊಂಡಿರುತ್ತದೆ, ಕೊನೆ ಮೊದಲೇ ಕಣ್ಣಿಗೆ ಬೀಳುತ್ತದೆ. ಹೊತ್ತನ್ನು ಜಾಗದಂತೆ ಹರಡಿ ನೋಡುವ ಈ ಚಾಳಿಯನ್ನು ಫ್ರಾನ್ಸಿನ ತತ್ವಜ್ಞಾನಿ ಆನ್ರಿ ಬರ್ಗ್‌ಸನ್ 1889ರಷ್ಟು ಹಿಂದೆಯೇ ಎತ್ತಿ ತೋರಿಸಿದ್ದ. ಚಂದದ ಬಣ್ಣದ ಪಟ್ಟಿಗಳು ಪರದೆಯ ಮೇಲೆ ಸಮನಾಗಿ ಕೂತಾಗ ಕಣ್ಣು ಸೈ ಎನ್ನುತ್ತದೆ, ಕಿವಿಯ ಸರದಿ ಬರುವುದೇ ಇಲ್ಲ. ಬರೆದ ಸ್ವರಲಿಪಿಯೂ ಹೊತ್ತನ್ನು ಹಾಸಿಡುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಲಿಪಿಯನ್ನು ಓದುವವನು ಮನಸ್ಸಿನಲ್ಲಿ ಹಾಡಿಕೊಂಡೇ ಓದಬೇಕು. ಪರದೆಯ ಪಟ್ಟಿಯನ್ನು ಕೇಳದೆಯೂ ನಕಲು ಮಾಡಿ ಅಂಟಿಸಬಹುದು.

ಹಾಗಂತ ‘ಮಿತಿಯಿದ್ದರೆ ಸೃಜನಶೀಲತೆ’ ಎಂಬ ಮಾತನ್ನು ನಾನು ಮಾರಲು ಬಂದಿಲ್ಲ. ಅದನ್ನು ಪೆಟ್ಟಿಗೆ ಮಾರುವವರು ಸಾಕಷ್ಟು ಮಾರಿದ್ದಾರೆ. ಒಂದು ಮಿತಿ ಸಾಲದೆಂದು ಜನ ನಾಲ್ಕು ಮಿತಿ ಕೊಂಡು ಸಾಲ ಮಾಡಿಕೊಂಡಿದ್ದಾರೆ. ಮಿತಿಯೊಂದರಿಂದಲೇ ಹಾಡು ಆಗುವುದಿದ್ದರೆ ಮೊದಲಿಗೆ ಹೇಳಿದ ಗೋಳೇ ಇರುತ್ತಿರಲಿಲ್ಲ. ಸ್ವೀಡನ್ನಿನ ಎಲೆಕ್ಟ್ರಾನ್ ಕಂಪನಿಯ ಡಿಜಿಟಾಕ್ಟ್ ಎಂಬ ಡ್ರಮ್ ಮಷಿನ್ 2017ರಲ್ಲಿ ಬಂದಾಗ ಅದರಲ್ಲಿ ಪ್ಯಾಟರ್ನುಗಳನ್ನು ಪೋಣಿಸಿ ಇಡೀ ಹಾಡನ್ನು ಬರೆದಿಡುವ ಸಾಂಗ್ ಮೋಡ್ ಇರಲಿಲ್ಲ. ಬೇಕೇ ಬೇಕೆಂದು ಬಳಸುವವರು ಗಂಟುಬಿದ್ದು, ಕೊನೆಗೆ 2022ರಲ್ಲಿ ಅದು ಬಂತು. ಪೆಟ್ಟಿಗೆಯಲ್ಲಿ ನನಗೆ ಬೆಲೆಯುಳ್ಳದ್ದು ಬೇರೆ: ಎಲ್ಲ ಟ್ರ್ಯಾಕುಗಳೂ ಒಟ್ಟಾಗಿ ರೆಕಾರ್ಡಿಗೆ ಇಳಿಯುವಾಗ ತಡವಾಗಿ ಬಂದ ಕಿಕ್ಕನ್ನು ಆಮೇಲೆ ಸರಿಸಲು ಬರುವುದಿಲ್ಲ. ತಿದ್ದಬೇಕೆಂದರೆ ಮೊದಲಿನಿಂದ ನುಡಿಸಬೇಕು. ತಿದ್ದುವುದನ್ನು ನಾನು ಬೇಡವೆನ್ನುತ್ತಿಲ್ಲ. ನಮ್ಮ ಕೃತಿಗಳ ಸಂಗತಿಗಳು ಶಿಷ್ಯರ ಬಾಯಲ್ಲಿ ತಲೆಮಾರುಗಳ ಕಾಲ ತಿದ್ದಿಸಿಕೊಂಡು ಬೆಳೆದಿವೆ. ಅಲ್ಲೂ ತಿದ್ದಿದ್ದು ಪಲ್ಲವಿಯಿಂದ ಮತ್ತೆ ಮತ್ತೆ ಹಾಡಿಯೇ.

ನಿಮ್ಮ ಮೇಜಿನ ಮೇಲೂ ಇಂಥ ಪೆಟ್ಟಿಗೆಯೊಂದಿದ್ದು, ಅದರೊಳಗೆ ಲೂಪುಗಳು ಕೊಳೆಯುತ್ತಿದ್ದರೆ, ಹೊಸದನ್ನು ಮಾಡುವುದನ್ನು ಕೆಲಕಾಲ ನಿಲ್ಲಿಸಿ. ಹಳೆಯದೊಂದನ್ನು ಆರಿಸಿಕೊಳ್ಳಿ, ಎಲ್ಲ ಟ್ರ್ಯಾಕನ್ನೂ ಮ್ಯೂಟ್ ಮಾಡಿ, ಆರು ನಿಮಿಷಕ್ಕೆ ನಿಲ್ಲಿಸುತ್ತೇನೆಂದು ಗೊತ್ತುಮಾಡಿಕೊಂಡು ರೆಕಾರ್ಡ್ ಒತ್ತಿ. ಎದುರಿಗೆ ಒಬ್ಬರನ್ನಾದರೂ ಕೂರಿಸಿಕೊಳ್ಳಿ. ಅವರು ಎಲ್ಲಿ ಮೊಬೈಲ್ ಕೈಗೆತ್ತಿಕೊಂಡರೋ ಆ ಜಾಗವನ್ನು ಮಾತ್ರ ಗುರುತಿಟ್ಟುಕೊಂಡು, ಮತ್ತೆ ಮೊದಲಿನಿಂದ ನುಡಿಸಿ.