ಗಾಯಕ್ಕೆ ಮಡಿಯುಂಟೇ?

ಅಘನಾಶಿನಿ ಅಳಿವೆಗೆ ಹೊಂದಿಕೊಂಡ ಕಾಗಾಲದಲ್ಲಿ ಮೀನು ಹಸನು ಮಾಡಿದ ಮೇಲೆ ಉಳಿಯುವ ಚರ್ಮ, ಹುರುಪೆ ಹೆಚ್ಚಾಗಿ ಕಾಗೆ, ಬೆಕ್ಕುಗಳ ಪಾಲು. ಬ್ರೆಜಿಲ್‌ನ ವೈದ್ಯರು ತಿಲಾಪಿಯಾ ಮೀನಿನ ಚರ್ಮವನ್ನು ಸುಟ್ಟಗಾಯಕ್ಕೆ ಹೊದಿಸಿದ್ದಾರೆ. ಐಸ್‌ಲ್ಯಾಂಡಿನಲ್ಲಿ ಕಾಡ್ ಮೀನಿನ ಚರ್ಮ ಗಾಯದ ಚಿಕಿತ್ಸೆಗೆ ಸಿದ್ಧವಾಗಿ ಮಾರುಕಟ್ಟೆಗೆ ಬಂದಿದೆ. ಎರಡರ ಹಿಂದೆಯೂ ಇರುವುದು ಕೊಲ್ಯಾಜನ್ ಎಂಬ ಪ್ರೋಟೀನು.

ಮೂರು ಎಳೆ ಹೊಸೆದ ಹಗ್ಗದಂತಿರುವ ಇದರ ರಚನೆಯನ್ನು 1954ರಲ್ಲಿ ಮದ್ರಾಸಿನಿಂದ ಜಗತ್ತಿಗೆ ತಿಳಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೈವಿಕ ಭೌತವಿಜ್ಞಾನದ ವಿಭಾಗವನ್ನೇ ಕಟ್ಟಿದರು.

ಪ್ರಾಣಿಯಿಂದ ಬೇರ್ಪಡಿಸಿದ ಕೊಲ್ಯಾಜನ್ ಮೆತ್ತನೆಯ ಲೋಳೆ. ಎಳೆಗಳನ್ನು ಒಂದೇ ದಿಕ್ಕಿಗೆ ಸಾಲುಗೊಳಿಸಿ, ನಡುವೆ ರಾಸಾಯನಿಕ ಬೆಸುಗೆ ಹಾಕಿದರೆ ಅದು ಸ್ನಾಯುರಜ್ಜು, ಹರ್ನಿಯಾಗಳ ದುರಸ್ತಿಯಲ್ಲಿ ಬೀಳುವ ಎಳೆತ ತಾಳುತ್ತದೆ. ಬೆಸುಗೆ ಅತಿಯಾದರೆ ದೇಹ ಅದನ್ನು ಕರಗಿಸಿಕೊಳ್ಳಲಾರದೆ ಪರಕೀಯವೆಂದು ಮುನಿಯುತ್ತದೆ. ಹದವಾಗಿದ್ದರೆ ರೋಗಿಯ ಜೀವಕೋಶಗಳು ಒಳಹೊಕ್ಕು, ಹಳೆಯದನ್ನು ಅರಗಿಸಿ, ತಮ್ಮದೇ ಎಳೆ ನೇಯುತ್ತವೆ.

ಮಡಿಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಚಿಕಿತ್ಸೆಗೆ ಬರುವ ಕೊಲ್ಯಾಜನ್ ಬಹುಪಾಲು ದನ, ಹಂದಿಗಳದ್ದು. ಕುಮಟಾದ ಹವ್ಯಕ ಬ್ರಾಹ್ಮಣರಿಗೆ ಮೊದಲನೆಯದು, ಭಟ್ಕಳದ ನವಾಯತ ಮುಸ್ಲಿಮರಿಗೆ ಎರಡನೆಯದು ಕಷ್ಟ. ಮೀನಿನದು ಇಬ್ಬರಿಗೂ ಸುಲಭವೆನಿಸಬಹುದು. ಆದರೆ ತಣ್ಣೀರಿನ ಮೀನಿನ ಕೊಲ್ಯಾಜನ್ ಮನುಷ್ಯನ ಮೈಬಿಸಿಗಿಂತ ಕಡಿಮೆ ಶಾಖದಲ್ಲೇ ಹೊಸೆತ ಕಳೆದುಕೊಂಡು ಸಡಿಲಗೊಳ್ಳುತ್ತದೆ. ಬೆಚ್ಚನೆಯ ನೀರಿನ ಮೀನಿನದು ಸ್ವಲ್ಪ ಗಟ್ಟಿ, ದನದ್ದಕ್ಕೆ ಸಾಟಿಯಲ್ಲ. ಧರ್ಮಕ್ಕೆ ಹಗುರಾದದ್ದು ಎಂಜಿನಿಯರನಿಗೆ ಭಾರ. ಜೈನರಿಗಂತೂ ಮೀನಿನದೂ ಹಿಂಸೆಯೇ.

ಸಂಪ್ರದಾಯಗಳು ಈ ಪ್ರಶ್ನೆಗೆ ಹೊಸಬರಲ್ಲ. ಗಾಯ ಹೊಲಿಯಲು ಸುಶ್ರುತ ಹೇಳಿದ ದಾರಗಳಲ್ಲಿ ಪ್ರಾಣಿಗಳ ಸ್ನಾಯುವೂ ಇದೆ. ಉಪನಯನದ ವಟುವಿಗೆ ಕೃಷ್ಣಾಜಿನ, ಅಂದರೆ ಕೃಷ್ಣಮೃಗದ ಚರ್ಮ, ವಿಹಿತ; ಯಕ್ಷಗಾನದ ಚಂಡೆ, ಮದ್ದಳೆಗಳಿಗೆ ಚರ್ಮವಿಲ್ಲದೆ ನಾದವಿಲ್ಲ. ಇಸ್ಲಾಮಿನ ಪಂಡಿತರಲ್ಲಿ ವಸ್ತುವಿನ ಗುಣವೇ ಬದಲಾದರೆ ಅಶುದ್ಧಿ ಹೋಗುತ್ತದೆಂಬ ವಾದವುಂಟು, ಪ್ರಾಣಕ್ಕೆ ಅನಿವಾರ್ಯವಾದಾಗ ನಿಷೇಧ ಸಡಿಲವಾಗುತ್ತದೆಂಬ ನಿಯಮವೂ ಉಂಟು. ಮೊದಲನೆಯದನ್ನು ಎಲ್ಲರೂ ಒಪ್ಪುವುದಿಲ್ಲ.

ಹೀಗಿರುವಾಗ ಯಾವ ಪ್ರಾಣಿಯದು ಸರಿಯೆಂದು ಪ್ರಯೋಗಾಲಯ ತೀರ್ಮಾನಿಸಲಾಗದು. ಅದು ಗಾಯಗೊಂಡವನ ಹಕ್ಕು. ಆ ಹಕ್ಕು ಉಳಿಯಬೇಕಾದರೆ ಅವನಿಗೆ ವಿಷಯ ಮೊದಲೇ ತಿಳಿದಿರಬೇಕು. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರದಲ್ಲಿ, ಒಳಗೆ ಹೊಲಿಯುವ ವಸ್ತು ಯಾವ ಪ್ರಾಣಿಯದೆಂದು, ಬದಲಿ ಯಾವುದಿದೆಯೆಂದು ಸ್ಪಷ್ಟ ಕನ್ನಡದಲ್ಲಿ ಬರೆಯುವುದನ್ನು ಆಸ್ಪತ್ರೆಗಳು ರೂಢಿ ಮಾಡಿಕೊಳ್ಳಲಿ.