ಮನಸ್ಸಿನ ಅಟ್ಟ

ಹುಲಿಯೂರುದುರ್ಗದ ನಮ್ಮ ತವರುಮನೆಯಲ್ಲಿ ಒಂದು ಅಟ್ಟವಿತ್ತು. ಬೇಕಾದದ್ದು, ಬೇಡವಾದದ್ದು ಎಲ್ಲವೂ ಅಲ್ಲಿಗೇ ಹೋಗುತ್ತಿತ್ತು. ಕಾಲು ಮುರಿದ ಮಣೆ, ತಳ ಹೋದ ಮೊರ, ಬಿತ್ತನೆಗೆಂದು ಎತ್ತಿಟ್ಟ ರಾಗಿ, ಎಲ್ಲಕ್ಕೂ ಒಂದೇ ಕತ್ತಲೆ. ಯುಗಾದಿಗೆ ಮುಂಚೆ ಅಮ್ಮ ತಲೆಗೆ ಸೆರಗು ಬಿಗಿದು ಏಣಿ ಹತ್ತುತ್ತಿದ್ದಳು. ನಾವು ಮಕ್ಕಳು ಕೆಳಗೆ ನಿಂತು ಅವಳು ಇಳಿಸಿದ್ದನ್ನು ಈಸಿಕೊಳ್ಳುತ್ತಿದ್ದೆವು. ಒಂದೊಂದನ್ನೂ ಕೈಗೆತ್ತಿಕೊಂಡು ಅವಳು ಮೂರು ಮಾತಿನಲ್ಲಿ ಒಂದನ್ನು ಹೇಳುತ್ತಿದ್ದಳು. "ಇದು ತಿಪ್ಪೆಗೆ." "ಇದು ಅಡುಗೆಮನೆಗೆ." "ಇದು ಅವರ ಮನೇದು, ಕೊಟ್ಟು ಬಾ."

ಐವತ್ತು ದಾಟಿದ ಮೇಲೆ ನನ್ನ ತಲೆಯೇ ಆ ಅಟ್ಟದಂತಾಯಿತು. ತುಮಕೂರಿನ ಮನೆಯಲ್ಲಿ ದೀಪ ಆರಿಸಿ ಮಲಗಿದೆನೆಂದರೆ ಸಾಕು, ಮೆರವಣಿಗೆ ಶುರು. ಹಾಲಿಗೆ ಹೆಪ್ಪು ಹಾಕಿದೆನೋ ಇಲ್ಲವೋ? ಗ್ಯಾಸ್ ಬುಕ್ ಮಾಡಿದ್ದೇನೆಯೇ? ಆ ಮನೆಯವರು ನಮ್ಮ ಮಗಳ ಮದುವೆಗೆ ಎಷ್ಟು ಮುಯ್ಯಿ ಮಾಡಿದ್ದರು? ಬೀಗಿತ್ತಿ ಗೃಹಪ್ರವೇಶದಲ್ಲಿ ನನ್ನನ್ನು ನೋಡಿಯೂ ನೋಡದಂತೆ ಹೋದದ್ದೇಕೆ? ಹೆಪ್ಪಿಗೂ ಬೀಗಿತ್ತಿಗೂ ಒಂದೇ ತೂಕ. ಗಡಿಯಾರ ಹನ್ನೆರಡು ಹೊಡೆದರೂ ನಿದ್ದೆಯ ಸುಳಿವಿಲ್ಲ.

ಉಪಾಯವೇನೂ ದೊಡ್ಡದಲ್ಲ. ದಿಂಬಿನ ಪಕ್ಕದಲ್ಲಿ ಒಂದು ಹಳೆಯ ಡೈರಿ, ಒಂದು ಪೆನ್ಸಿಲ್ ಇಟ್ಟುಕೊಂಡೆ. ಮಲಗುವ ಮುಂಚೆ ಐದು ನಿಮಿಷ, ನಾಳೆ ಆಗಬೇಕಾದದ್ದನ್ನೆಲ್ಲ ಬರೆದುಬಿಡುವುದು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು ಇದನ್ನು 57 ಮಂದಿ ತರುಣ ತರುಣಿಯರ ಮೇಲೆ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ್ದಾರೆಂದು ಆಮೇಲೆ ತಿಳಿಯಿತು. ಮಾಡಿ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಮುಂದೆ ಮಾಡಬೇಕಾದದ್ದನ್ನು ಬರೆದವರು ಸುಮಾರು 9 ನಿಮಿಷ ಬೇಗ ನಿದ್ದೆ ಹೋದರಂತೆ. 2011ರ ಇನ್ನೊಂದು ಅಧ್ಯಯನ ಹೇಳುವುದೂ ಹತ್ತಿರದ ಮಾತೇ. ಕೆಲಸ ಮುಗಿಯಲೇಬೇಕೆಂದಿಲ್ಲ, ಯಾವಾಗ, ಎಲ್ಲಿ, ಹೇಗೆ ಎಂದು ಗೊತ್ತುಮಾಡಿಕೊಂಡರೂ ಸಾಕು, ಅದು ಮನಸ್ಸನ್ನು ಕಾಡುವುದು ಕಡಿಮೆಯಾಗುತ್ತದೆ.

ನಾನು ಅಮ್ಮನ ಮೂರು ಮಾತನ್ನೇ ಡೈರಿಗೂ ತಂದೆ. ಗ್ಯಾಸು, ಮಾತ್ರೆ, ಕರೆಂಟು ಬಿಲ್ಲು ಅಡುಗೆಮನೆಗೆ. ಅವುಗಳ ಮುಂದೆ ವಾರ ಬರೆದೆ. ಬೀಗಿತ್ತಿಯ ಮುಖ ತಿಪ್ಪೆಗೆ. ಪಾಪ, ಅವರಿಗೆ ಆ ದಿನ ಹಲ್ಲುನೋವೇ ಇದ್ದಿರಬಹುದು. ಕೆಲಸಕ್ಕೆ ಹೋಗುವ ಮಗನ ಸ್ಕೂಟರಿನ ಇನ್ಷೂರೆನ್ಸ್ ತಾರೀಖನ್ನು ನಾನೇಕೆ ತಲೆಯಲ್ಲಿ ಹೊತ್ತಿದ್ದೆ? ಅದು ಅವನದು, ಅವನಿಗೇ ಕೊಟ್ಟೆ. ಒಂಬತ್ತು ಗಂಟೆಯ ಮೇಲೆ ಮೊಬೈಲು ಹಾಲಿನ ಕಪಾಟಿಗೆ. ಸಂಜೆ ಟಿ.ವಿ. ಹಾಕದೆ ಅಕ್ಕಿ ಆರಿಸುವುದು. ಒಂದು ಕೆಲಸ ಮಾಡುವಾಗ ಒಂದೇ ಕೆಲಸ. ಇಷ್ಟರಿಂದಲೇ ಎಷ್ಟು ಹಗುರ! ನೀವೂ ಮಾಡಿ ನೋಡಿ. ಖರ್ಚು ಒಂದು ಪೆನ್ಸಿಲಿನದು.

ಆದರೆ ಇದರ ಮುಂದಿನದನ್ನು ಯಾರೂ ನನಗೆ ಹೇಳಿರಲಿಲ್ಲ.

ಅಟ್ಟ ಖಾಲಿಯಾಗುತ್ತ ಬಂದ ಹಾಗೆ ಮೂಲೆಯಲ್ಲಿದ್ದ ಒಂದು ಗಂಟು ಕಾಣಿಸತೊಡಗಿತು. ಡೈರಿಯಲ್ಲಿ ನಾನು ಬರೆದದ್ದು 'ಅತ್ತಿಗೆ' ಎಂದಷ್ಟೇ. ಮುಂದೆ ವಾರವಿಲ್ಲ. ಮಾರನೆಯ ದಿನದ ಹಾಳೆಯಲ್ಲಿ ಮತ್ತೆ 'ಅತ್ತಿಗೆ'. ಎರಡು ತಿಂಗಳು ಆ ಪದ ಹಾಳೆಯಿಂದ ಹಾಳೆಗೆ ಸಾಗಿತು.

ನಾಲ್ಕು ವರ್ಷದ ಹಿಂದೆ ಅಮ್ಮ ತೀರಿಕೊಂಡಳು. ಕೊನೆಯ ಎರಡು ವರ್ಷ ಹಾಸಿಗೆಯಲ್ಲೇ. ಅವಳನ್ನು ಮಗ್ಗುಲು ತಿರುಗಿಸಿ ಮಲಗಿಸಿದವಳು, ಮೈ ಒರೆಸಿದವಳು, ರಾಗಿಗಂಜಿ ಕುಡಿಸಿದವಳು ನನ್ನ ಅತ್ತಿಗೆ. ನಾನು ತಿಂಗಳಿಗೊಮ್ಮೆ ಸೇಬಿನ ಚೀಲ ಹಿಡಿದು ಹೋಗಿ, ಅಮ್ಮನ ಕೈ ಹಿಡಿದು ಅತ್ತು, ಸಂಜೆಯ ಬಸ್ಸಿಗೆ ವಾಪಸು ಬರುತ್ತಿದ್ದೆ. ಅಂಥ ನಾನು ತಿಥಿಯ ದಿನ ನೆಂಟರೆಲ್ಲರ ಎದುರು ಅಂದುಬಿಟ್ಟೆ: "ಬೇಗ ದೊಡ್ಡಾಸ್ಪತ್ರೆಗೆ ಸೇರಿಸಿದ್ರೆ ಅಮ್ಮ ಉಳೀತಿದ್ಲು. ನಿಮಗೇನು ಅತ್ಗೆ, ನಿಮ್ಮ ಹೆತ್ತ ತಾಯೇ?" ಅತ್ತಿಗೆ ಎಲೆಗೆ ಬಡಿಸುತ್ತಿದ್ದಳು. ಒಂದು ಕ್ಷಣ ಸೌಟು ನಿಂತಿತು, ಮತ್ತೆ ಮುಂದಿನ ಎಲೆಗೆ ಹೋಯಿತು.

ಆಮೇಲೆ ನಾವು ಜಗಳವನ್ನೇನೂ ಆಡಲಿಲ್ಲ. "ಚೆನ್ನಾಗಿದ್ದೀರಾ", "ಚೆನ್ನಾಗಿದ್ದೀವಿ", ಅಷ್ಟೇ. ಸಂಕ್ರಾಂತಿಗೆ ಎಳ್ಳು ಅಣ್ಣನ ಕೈಯಲ್ಲಿ ಬರುತ್ತಿತ್ತು, ಅಣ್ಣನ ಕೈಯಲ್ಲೇ ಹೋಗುತ್ತಿತ್ತು.

ಆಗ ನನಗೆ ಅರ್ಥವಾಯಿತು. ಹೆಪ್ಪು, ಗ್ಯಾಸು, ಮುಯ್ಯಿ ಇವೆಲ್ಲ ತಾವಾಗಿ ಬಂದು ತುಂಬಿಕೊಂಡ ಕಸವಲ್ಲ. ಈ ಗಂಟು ಕಾಣದಿರಲೆಂದು ನಾನೇ ಅದರ ಮುಂದೆ ಪೇರಿಸಿದ ಮೂಟೆಗಳು. ನಮ್ಮ ತಾಲ್ಲೂಕಿನ ಕಗ್ಗೆರೆಯಲ್ಲಿ, ನಾಗಿನಿ ಹೊಳೆಯ ಬದಿಯಲ್ಲಿ ತೋಂಟದ ಸಿದ್ಧಲಿಂಗರು ತಪಸ್ಸಿಗೆ ಕೂತಾಗ ಸುತ್ತ ಹುತ್ತ ಬೆಳೆಯಿತೆಂದೂ ಹಸುವೊಂದು ಅದರ ಮೇಲೆ ಹಾಲು ಕರೆಯುತ್ತಿತ್ತೆಂದೂ ಅಮ್ಮ ಕತೆ ಹೇಳುತ್ತಿದ್ದಳು. 701 ವಚನಗಳನ್ನು ನಮಗೆ ಬಿಟ್ಟು ಹೋದ ಆ ಮಹಾತ್ಮರ ಹುತ್ತ ಬೇರೆ. ನನ್ನದು ನಾನೇ ಕಟ್ಟಿಕೊಂಡು ಒಳಗೆ ಅವಿತುಕೊಂಡ ಹುತ್ತ.

ಮನಶ್ಶಾಂತಿಗೆ ಈಗ ಬೇಕಾದಷ್ಟು ದಾರಿಗಳಿವೆ. ಕಣ್ಣು ಮುಚ್ಚಿ ಕೂರುವುದು, ಉಸಿರನ್ನು ಗಮನಿಸುವುದು, ಆದದ್ದು ಆಯಿತೆಂದು ಬಿಟ್ಟುಬಿಡುವುದು. ನಾನೂ ದಿನಕ್ಕೆ ಹತ್ತು ನಿಮಿಷ ಕೂರುತ್ತೇನೆ, ಒಳ್ಳೆಯದೇ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಬಿಟ್ಟುಬಿಡಲು ಅದು ನನ್ನದೇ? ನನಗೆ ಯಾರೋ ಅಂದ ಮಾತನ್ನು ನಾನು ತಿಪ್ಪೆಗೆ ಎಸೆಯಬಹುದು. ನಾನು ಇನ್ನೊಬ್ಬರಿಗೆ ಅಂದ ಮಾತನ್ನು ನಾನೊಬ್ಬಳೇ ಕೂತು ಎಸೆದರೆ ಅದು ಶಾಂತಿಯಲ್ಲ, ಸಾಲ ಮುಳುಗಿಸಿದಂತೆ. ಇಲ್ಲಿ ಅಮ್ಮನ ಮೂರನೆಯ ಮಾತೇ ಸರಿ: ಇದು ಅವರ ಮನೇದು, ಕೊಟ್ಟು ಬಾ.

ಡೈರಿಯಲ್ಲಿ 'ಅತ್ತಿಗೆ' ಎಂಬುದರ ಮುಂದೆ 'ಸಂಕ್ರಾಂತಿ' ಎಂದು ಬರೆದೆ.

ಕುಣಿಗಲ್ಲಿನಲ್ಲಿ ಬಸ್ಸು ಬದಲಾಯಿಸಿ ಹೋದೆ. ಬೋಗುಣಿ ಮಗುಚಿಟ್ಟಂಥ ದುರ್ಗದ ಬೆಟ್ಟ ಕಾಣಿಸಿದಾಗ ವಾಪಸು ಹೋಗಿಬಿಡೋಣ ಅನ್ನಿಸಿತು. ಅತ್ತಿಗೆ ಜಗಲಿಯ ಮೇಲೆ ನೆನೆಸಿದ ಅವರೆಕಾಳು ಹಿತಕುತ್ತ ಕೂತಿದ್ದಳು. "ಬಿಸಿಲಲ್ಲಿ ಬಂದಿದ್ದೀಯ, ಮೊದ್ಲು ನೀರು ಕುಡಿಯಮ್ಮ" ಎಂದಳು. ನಾನೂ ಪಕ್ಕದಲ್ಲಿ ಕೂತು ಕಾಳಿಗೆ ಕೈ ಹಾಕಿದೆ. ಕಾಳು ಹಿತಕುವಾಗ ಮುಖ ನೋಡಬೇಕಾಗಿಲ್ಲ, ಅದೊಂದು ಅನುಕೂಲ.

"ಅತ್ಗೆ, ಅವತ್ತು ಹಾಗಂದಿದ್ದು ತಪ್ಪು. ಡಾಕ್ಟ್ರೇ ಮನೇಲಿ ನೋಡ್ಕೊಳ್ಳಿ ಅಂದಿದ್ರು ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ. ನಾನು ನೋಡ್ಕೊಳ್ಳಲಿಲ್ಲವಲ್ಲ, ಅದಕ್ಕೆ."

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಬೀಳುತ್ತಿತ್ತು.

"ಮರ್ತಿಲ್ಲ ಕಣಮ್ಮ" ಎಂದಳು ಕೊನೆಗೆ. "ನೀನು ಅಂದ್ಮೇಲೆ ನಂಗೂ ಹಂಗೇ ಅನ್ನಿಸೋಕೆ ಶುರುವಾಯ್ತು. ನಾನೇ ಏನೋ ತಪ್ಪು ಮಾಡಿದ್ನೇನೋ ಅಂತ. ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ."

ನನ್ನ ಕೈ ನಿಂತುಹೋಯಿತು. ನನ್ನ ನಿದ್ದೆಯ ಲೆಕ್ಕ ಹಾಕುತ್ತ ಕೂತಿದ್ದ ನನಗೆ ಅವಳ ನಿದ್ದೆಯ ನೆನಪೇ ಬಂದಿರಲಿಲ್ಲ. "ತಪ್ಪು ಮಾಡಿಲ್ಲ" ಎಂಬ ಎರಡು ಪದ ಅವಳಿಗೆ ಬೇಕಾಗಿತ್ತು. ಅದು ನಾಲ್ಕು ವರ್ಷ ನನ್ನ ಅಟ್ಟದಲ್ಲಿ ಬಿದ್ದಿತ್ತು.

"ನೀವು ತಪ್ಪು ಮಾಡಿಲ್ಲ ಅತ್ಗೆ" ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಲ್ಲ ಸರಿಹೋಯಿತೆಂದು ಹೇಳಲಾರೆ. ನಾಲ್ಕು ವರ್ಷದ ಗಾಯ ಒಂದು ಮಧ್ಯಾಹ್ನಕ್ಕೆ ಮಾಯುವುದಿಲ್ಲ. ಆದರೆ ಇಬ್ಬರೂ ಎಳ್ಳುಬೆಲ್ಲ ತಿಂದೆವು, ಒಳ್ಳೆಯ ಮಾತನ್ನೂ ಆಡಿದೆವು.

ಹೊರಡುವಾಗ ಹಿತಕಿದ ಬೇಳೆಯನ್ನು ಒಂದು ಸ್ಟೀಲ್ ಡಬ್ಬಿಗೆ ತುಂಬಿ ನನ್ನ ಚೀಲದಲ್ಲಿಟ್ಟಳು. ಆ ರಾತ್ರಿ ತುಮಕೂರಿನಲ್ಲಿ ಡೈರಿ ತೆಗೆದು 'ಅತ್ತಿಗೆ' ಎಂಬ ಪದದ ಮೇಲೆ ಗೆರೆ ಎಳೆದೆ. ಅದರ ಕೆಳಗೆ ಹೊಸದಾಗಿ ಬರೆದೆ: 'ಅತ್ತಿಗೆಯ ಡಬ್ಬಿ, ಕೊಟ್ಟು ಬರಬೇಕು. ಮುಂದಿನ ಭಾನುವಾರ.'