ಕಲಿಯುಗದಲ್ಲಿ ಬೆಳೆದ ಮೈ

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಮುಂದಾಗಲಿ, ಹಲಸೂರಿನ ಸೋಮೇಶ್ವರ ದೇವಾಲಯದ ಪ್ರಾಕಾರದಲ್ಲಾಗಲಿ, ಒಂದೇ ಮನೆಯ ಅಜ್ಜಿಯೂ ಮೊಮ್ಮಗಳೂ ಜೊತೆಯಾಗಿ ನಡೆದು ಬರುವುದನ್ನು ಕಂಡವರಿಗೆ, ಮುಪ್ಪಿನಿಂದ ಬೆನ್ನು ಬಾಗಿದುದನ್ನು ಲೆಕ್ಕದಿಂದ ಕಳೆದರೂ, ಅಜ್ಜಿಯ ತಲೆ ಮೊಮ್ಮಗಳ ಕಿವಿಯನ್ನು ಮುಟ್ಟದಿರುವುದು ಅಪೂರ್ವವೆನಿಸದು. “ಅಪ್ಪನನ್ನೂ ಮೀರಿ ಬೆಳೆದುಬಿಟ್ಟ” ಎಂದು ನೆಂಟರು ಹುಡುಗನ ಬೆನ್ನು ತಟ್ಟಿ ಸುಮ್ಮನಾಗುತ್ತಾರೆ. ಆದರೆ ಕಾಲ ಕಳೆದಂತೆ ಮನುಷ್ಯರ ದೇಹ ಕುಗ್ಗುತ್ತ ಹೋಗುತ್ತದೆಂದು ನಮ್ಮ ಹಿರಿಯರು ನಂಬಿಕೊಂಡು ಬಂದ ಮಾತಿಗೆ ಈ ಬೆಳವಣಿಗೆ ನೇರವಾಗಿ ಎದುರು ನಿಂತಿದೆ.

ರೈವತ ಮಹಾರಾಜನು ಮಗಳಿಗೆ ತಕ್ಕ ವರನಾರೆಂದು ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಅಲ್ಲಿಯ ಗಾನವನ್ನು ಆಲಿಸುತ್ತ ಅರೆಗಳಿಗೆ ಮೈಮರೆತು ಮರಳುವಷ್ಟರಲ್ಲಿ, ಭೂಮಿಯಲ್ಲಿ ಯುಗಗಳೇ ಕಳೆದು ಮನುಷ್ಯರು ಕುಬ್ಜರಾಗಿದ್ದರೆಂದೂ, ರೇವತಿಯ ಅತಿಶಯವಾದ ಎತ್ತರವನ್ನು ಬಲರಾಮನು ನೇಗಿಲ ತುದಿಯಿಂದ ತಗ್ಗಿಸಿ ವರಿಸಿದನೆಂದೂ ವಿಷ್ಣುಪುರಾಣವು ಹೇಳುತ್ತದೆ. ಜೈನರ ಅವಸರ್ಪಿಣಿಯೆಂಬ ಇಳಿಗಾಲದಲ್ಲಿ ಆದಿತೀರ್ಥಂಕರನಾದ ಋಷಭನಾಥನು 500 ಧನುಸ್ಸು ಎತ್ತರದವನು, ಕಡೆಯವನಾದ ಮಹಾವೀರನು 7 ಮೊಳದವನು. ಎರಡು ಮತಗಳಲ್ಲಿಯೂ ದೇಹವನ್ನು ಕುಗ್ಗಿಸುವುದು ಕಾಲ.

ಶ್ವೇತಾಶ್ವತರೋಪನಿಷತ್ತಾದರೋ ಕಾಲ, ಸ್ವಭಾವ, ನಿಯತಿ, ಯದೃಚ್ಛೆಗಳನ್ನು ಒಂದೊಂದಾಗಿ ವಿಚಾರಣೆಗೆ ತಂದು, ಇವುಗಳಲ್ಲಿ ಯಾವುದನ್ನೂ ಮೂಲಕಾರಣವೆಂದು ಒಪ್ಪದು. ಆ ವಿಚಾರಪದ್ಧತಿಯೇ ನಮಗೆ ಇಲ್ಲಿ ದಾರಿದೀಪ; ಎತ್ತರದ ಕಾರಣಗಳನ್ನೂ ಹಾಗೆಯೇ ವಿಚಾರಿಸೋಣ. 1896ರಲ್ಲಿ ಹುಟ್ಟಿದ ದಕ್ಷಿಣ ಕೊರಿಯಾದ ಹೆಂಗಸರಿಗಿಂತ 1996ರಲ್ಲಿ ಹುಟ್ಟಿದವರು ಸರಾಸರಿ 20 ಸೆಂಟಿಮೀಟರಿನಷ್ಟು ಎತ್ತರವಾಗಿದ್ದಾರೆ. ನೂರು ವರ್ಷಗಳಲ್ಲಿ ಒಂದು ಜನಾಂಗದ ವಂಶವಾಹಿಗಳು ಅಷ್ಟು ಬದಲಾಗಲಾರವು. ನೀಳವಾದ ಎಲುಬುಗಳ ತುದಿಯಲ್ಲಿರುವ ಮೃದ್ವಸ್ಥಿಯ ಫಲಕಗಳು ಬಾಲ್ಯದಲ್ಲಿ ಹೊಸ ಎಲುಬನ್ನು ಕಟ್ಟುತ್ತಿರುತ್ತವೆ. ಅನ್ನ ಸಾಲದಾದಾಗ, ಅಥವಾ ಉಂಡ ಅನ್ನವನ್ನು ಭೇದಿಯೂ ಜ್ವರವೂ ಮತ್ತೆ ಮತ್ತೆ ಕಸಿದುಕೊಂಡಾಗ, ದೇಹವು ಇರುವಷ್ಟು ಬಲವನ್ನು ಪ್ರಾಣರಕ್ಷಣೆಗೆ ಮೀಸಲಿಟ್ಟು ಈ ಕೆಲಸವನ್ನು ನಿಧಾನಿಸಿಬಿಡುತ್ತದೆ. ಬಸಿರಿನಿಂದ ಎರಡನೆಯ ಹುಟ್ಟುಹಬ್ಬದವರೆಗಿನ ಸಾವಿರ ದಿನಗಳಲ್ಲಿ ಆದ ನಷ್ಟವನ್ನು ಮುಂದೆ ತುಂಬುವುದು ಬಹು ಕಷ್ಟ. ಕುಗ್ಗಿದ ಹೆಣ್ಣುಮಗು ತಾಯಿಯಾದಾಗ ಅವಳ ಕೂಸೂ ಹಗುರವಾಗಿ ಹುಟ್ಟುವ ಭಯವುಂಟು. ತೈತ್ತಿರೀಯೋಪನಿಷತ್ತು ಈ ಶರೀರವನ್ನು ಅನ್ನಮಯವೆಂದು ಕರೆದುದು ಎಷ್ಟು ಯಥಾರ್ಥವೆಂಬುದು ನಮಗೆ ಈಗ ಅಳತೆಗೋಲಿನಿಂದ ತಿಳಿಯುತ್ತಿದೆ.

ಈ ನಾಡು ಅನ್ನವಿಲ್ಲದ ಕಾಲವನ್ನೂ ಕಂಡಿದೆ. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, 1876–78ರ ಮಹಾಕ್ಷಾಮವು ಕಳೆದ ಮೇಲೆ, 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿಯಿತು. 1898ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಿತು. ಅಂದಿಗೂ ಇಂದಿಗೂ ನಡೆಯುತ್ತಿರುವುದು ಅದೇ ಕಲಿಯುಗ; ಬದಲಾದುದು ಯುಗವಲ್ಲ, ಅನ್ನವೂ ಆರೋಗ್ಯವೂ.

ದೇಹವು ಪ್ರಾರಬ್ಧದಿಂದ ಬಂದದ್ದೆಂಬ ಮಾತನ್ನು ನಾನು ತಳ್ಳಿಹಾಕುವವನಲ್ಲ. ಆದರೆ ಯಾರ ಕರ್ಮವೆಂದು ಕೇಳದೆ ಇರಲಾರೆ. ಒಂದೇ ಹಳ್ಳಿಯಿಂದ ಬಂದ ಅಣ್ಣತಮ್ಮಂದಿರಲ್ಲಿ ಒಬ್ಬನ ಮಗು ಇಂದಿರಾನಗರದ ಮನೆಯಲ್ಲಿಯೂ, ಇನ್ನೊಬ್ಬನ ಮಗು ಕೆ.ಆರ್. ಪುರದ ಕಟ್ಟಡದ ಕೆಲಸಗಾರರ ತಗಡಿನ ಶೆಡ್ಡಿನಲ್ಲಿಯೂ ಬೆಳೆದು, ಎರಡನೆಯದು ಗಿಡ್ಡವಾದರೆ, ಅದನ್ನು ಆ ಹಸುಳೆಯ ಹಣೆಬರಹವೆನ್ನುವುದು ಅಧರ್ಮ. ಕೊಳಚೆ ಬೆರೆತ ನೀರನ್ನು ಅದಕ್ಕೆ ಕುಡಿಸಿದುದು ವಯಸ್ಕರಾದ ನಮ್ಮ ಕರ್ಮ, ಇದೇ ಜನ್ಮದ್ದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಶಾಲೆಯ ಬಿಸಿಯೂಟವೂ 2013ರಿಂದ ಬಂದ ಕ್ಷೀರಭಾಗ್ಯದ ಹಾಲೂ ಪುಣ್ಯಕಾರ್ಯಗಳೇ ಸರಿ. ಆದರೆ ಶಾಲೆಯ ಮೆಟ್ಟಿಲನ್ನು ಹತ್ತುವ ಹೊತ್ತಿಗೆ ಆ ಸಾವಿರ ದಿನಗಳು ಮುಗಿದಿರುತ್ತವೆ. ಹಲಸೂರು ಕೆರೆಯ ದಡದ ಗುರುದ್ವಾರದಲ್ಲಿ ಲಂಗರುಂಟು, ದೇವಾಲಯಗಳಲ್ಲಿ ಅನ್ನಸಂತರ್ಪಣೆಯುಂಟು, ರಂಜಾನಿನಲ್ಲಿ ಶಿವಾಜಿನಗರದ ಮಸೀದಿಗಳಲ್ಲಿ ಇಫ್ತಾರುಂಟು. ಇವುಗಳನ್ನು ನಡೆಸುವ ಧರ್ಮಿಷ್ಠರು ತಮ್ಮ ಅನ್ನದ ಒಂದು ಪಾಲನ್ನು ಆ ತಗಡಿನ ಶೆಡ್ಡುಗಳಲ್ಲಿರುವ ಬಸುರಿಯರಿಗೂ ಎದೆಹಾಲು ಬಿಡುತ್ತಿರುವ ಕೂಸುಗಳಿಗೂ ಮೊದಲು ಮುಟ್ಟಿಸಬೇಕೆಂದು ಕೈಮುಗಿದು ಬೇಡುತ್ತೇನೆ.